ಕೇಳಿದ್ದಕ್ಕೆಲ್ಲ ಹೌದು

2005ರ ಜನವರಿ 19, ಬುಧವಾರ. ಉತ್ತರಾಯಣದ ಹಬ್ಬ ಮುಗಿದು ಐದು ದಿನವಾಗಿದ್ದರೂ ಗುಜರಾತಿನ ನವರಂಗಪುರ ಪೊಲೀಸ್ ಠಾಣೆಯ ಮುಂದಿನ ತಂತಿಗಳಲ್ಲಿ ಹರಿದ ಗಾಳಿಪಟಗಳು ಇನ್ನೂ ನೇತಾಡುತ್ತಿದ್ದವು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೆಂಗಸೊಬ್ಬಳು ಒಳಗೆ ಬಂದು ಬೆಂಚಿನ ತುದಿಯಲ್ಲಿ ಕುಳಿತಳು. ಹೆಡ್ ಕಾನ್‌ಸ್ಟೇಬಲ್ ಜಯಂತಿಭಾಯ್ ಎರಡು ಸಲ ಏನು ಬೇಕೆಂದು ವಿಚಾರಿಸಿದ. ದೊಡ್ಡ ಸಾಹೇಬರಿಗೇ ಹೇಳುತ್ತೇನೆ ಎಂದು ಅವಳು ಎರಡು ಸಲವೂ ಹೇಳಿದಳು.

ಜಯಂತಿ ಎಂದರೆ ಕನ್ನಡದವರಿಗೆ ಹೆಣ್ಣಿನ ಹೆಸರು. ಈ ಜಯಂತಿಭಾಯ್ ಮಾತ್ರ ಧೋಲ್ಕಾ ತಾಲೂಕಿನ ರೈತರ ಮನೆಯ ಐವತ್ತು ದಾಟಿದ ಗಂಡಸು, ಮೀಸೆ ಬೆಳ್ಳಗಾಗಿತ್ತು. ರಜೆ ಸಿಕ್ಕರೆ ಊರಿಗೆ ಹೋಗಿ ಗೋಧಿಗೆ ನೀರು ಕಟ್ಟಿ ಬರುವವನು. ಇನ್ಸ್‌ಪೆಕ್ಟರ್ ಶೇಷಾದ್ರಿ ಹುಟ್ಟಿ ಬೆಳೆದದ್ದು ವಡೋದರದ ಪಕ್ಕದ ಕೊಯಾಲಿಯಲ್ಲಿ. ಅವರ ತಂದೆ ತಿಪಟೂರು ಕಡೆಯಿಂದ ಅಲ್ಲಿನ ರಿಫೈನರಿಗೆ ಫಿಟ್ಟರ್ ಆಗಿ ಬಂದಿದ್ದರು. ಮನೆಯ ಕನ್ನಡ, ಶಾಲೆಯ ಗುಜರಾತಿ, ಠಾಣೆಯ ಹಿಂದಿ ಮೂರೂ ಅವರ ಬಾಯಲ್ಲಿ ಅಕ್ಕಡಿ ಸಾಲಿನಂತೆ ಒಂದರ ಪಕ್ಕ ಒಂದು ಬರುತ್ತಿದ್ದವು.

"ಹೆಸರು?" ಶೇಷಾದ್ರಿ ಕೇಳಿದರು.

"ಹೇಮಲತಾ. ಬೋಡಕ್‌ದೇವ್‌ನಲ್ಲಿ ಆಫೀಸು. ನಮ್ಮದು ಕುಂದಾಪ್ರ ಕಡೆ. ಐತಾಳ್ ಮಾಮನ ಉಡುಪಿ ಹೋಟೆಲಲ್ಲಿ ನಿಮ್ಮನ್ನ ನೋಡಿದ್ದೆ."

"ಏನಾಗಿದೆ?"

"ನನ್ನ ಇ-ಮೇಲ್ ಯಾರೋ ಓದ್ತಿದ್ದಾರೆ."

ಜಯಂತಿಭಾಯ್‌ಗೆ ಕನ್ನಡ ಬರದಿದ್ದರೂ ಇ-ಮೇಲ್ ಎಂಬುದು ಕಿವಿಗೆ ಬಿತ್ತು. ಅವನು ಗುಜರಾತಿಯಲ್ಲಿ, "ಸಾಹೇಬ್, ಕಳವು ಅಂದ ಮೇಲೆ ಒಂದು ಬೀಗವಾದರೂ ಮುರಿದಿರಬೇಕಲ್ಲ. ಇದರಲ್ಲಿ ಏನು ಮುರಿದಿದೆ?" ಎಂದ.

ಹೇಮಲತಾ ಅವನ ಕಡೆ ತಿರುಗಿ ಗುಜರಾತಿಯಲ್ಲೇ ಹೇಳಿದಳು. "ನನ್ನ ತಂಗಿಯ ಮಣಿಗಂಟು."

ಜಯಂತಿಭಾಯ್ ಎದ್ದು ಹೋಗಿ ಅವಳಿಗೆ ನೀರು ತಂದ.

ತಂಗಿ ನೀಲಾಳಿಗೆ ಇಪ್ಪತ್ತನಾಲ್ಕು. ಅವಳ ಗಂಡ ಪ್ರಮೋದ್ ಕೊಯಾಲಿಯಲ್ಲಿ ಗುತ್ತಿಗೆದಾರರೊಬ್ಬರ ಜನರೇಟರುಗಳನ್ನು ನೋಡಿಕೊಳ್ಳುತ್ತಿದ್ದ. ಕಳೆದ ಆಗಸ್ಟ್‌ನಲ್ಲಿ ಅವನು ಅವಳ ಎಡಗೈ ಮುರಿದ. ಪ್ಲಾಸ್ಟರ್ ಬಿಚ್ಚಿದ ವಾರವೇ ಅವಳು ಮನೆ ಬಿಟ್ಟಳು. ಮೊದಲು ನಡಿಯಾದ್‌ನಲ್ಲಿ ಇದ್ದಳು. ಡಿಸೆಂಬರ್ ಮೊದಲ ವಾರ ಪ್ರಮೋದ್ ಅಲ್ಲಿಗೆ ಬಂದು ಗೇಟಿನ ಮುಂದೆ ನಿಂತ. ಅವಳು ಹಿಂಬಾಗಿಲಿನಿಂದ ಸೂರತ್‌ಗೆ ಹೋದಳು. ಮೊನ್ನೆ ಸೋಮವಾರ ಸೂರತ್‌ನ ಕೋಣೆಯ ಬಾಗಿಲಲ್ಲೂ ಅವನ ಗುರುತು ಕಾಣಿಸಿತು.

"ಸೂರತ್ ವಿಳಾಸ ಯಾರಿಗೆ ಗೊತ್ತು?"

"ನಂಗೊಬ್ಬಳಿಗೆ. ಅದೂ ಇ-ಮೇಲಲ್ಲಿ ಅವಳು ಬರೆದದ್ದು. ಫೋನ್ ಮಾಡುದಿಲ್ಲ, ಕಾಗದ ಹಾಕುದಿಲ್ಲ. ಅವನು ನನ್ನ ಮನೆಗೆ ಬಂದಾಗೆಲ್ಲ ಟಪಾಲಿನ ಠಸ್ಸೆ ನೋಡ್ತಾನೆ."

"ಪಾಸ್‌ವರ್ಡ್ ಬದಲಾಯಿಸಿದ್ದೀರಾ?"

"ಎರಡು ಸಲ."

"ಎಲ್ಲಿ ಕೂತು ಮೇಲ್ ನೋಡ್ತೀರಿ?"

"ಮಾಮನ ಹೋಟೆಲಿನ ಮಾಳಿಗೆಯಲ್ಲಿ. ಆಫೀಸಲ್ಲಿ ಬಿಡುದಿಲ್ಲ."

"ಮಾಮನಿಗೆ ಈ ವಿಷಯ ಹೇಳಿದ್ದೀರಾ?"

"ಇಲ್ಲ. ಅವ್ರಿಗೆ ಹೇಳಿದ್ರೆ ರಾಜಿ ಮಾಡ್ಕೊಳ್ಳಿ ಅಂತಾರೆ." ಹೇಮಲತಾ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ನೀಲಾಳ ಮನೆಯೊಡತಿಗೆ ನಿನ್ನೆ ಫೋನ್ ಮಾಡಿದ್ದಾನೆ. ಶನಿವಾರ ಹಿರಿಯರನ್ನ ಕರ್ಕೊಂಡು ಬರ್ತೇನೆ, ಹೆಂಡ್ತಿಯನ್ನ ಹೊರಡಿಸಿ ಇಡಿ ಅಂತ."

ಎಫ್‌ಐಆರ್ ದಾಖಲಾಯಿತು. ಗಂಡನ ಕ್ರೌರ್ಯಕ್ಕೆ ಐಪಿಸಿ 498ಎ, ಬೆದರಿಕೆಗೆ 506, ಮೇಲ್ ತೆರೆದದ್ದಕ್ಕೆ ಐ.ಟಿ. ಕಾಯ್ದೆಯ 66. ಆ ಕೊನೆಯ ಕಲಂ ಈ ಠಾಣೆಯಲ್ಲಿ ಅದುವರೆಗೆ ಯಾರೂ ಬರೆದಿರಲಿಲ್ಲ. ಮೇಲ್ ಕಂಪನಿಗೆ ವಿವರ ಕೇಳಿ ಫ್ಯಾಕ್ಸ್ ಹೋಯಿತು. ಉತ್ತರಕ್ಕೆ ಮೂರು ವಾರ ಬೇಕೆಂದು ಅಲ್ಲಿಂದ ಫೋನಿನಲ್ಲಿ ತಿಳಿಸಿದರು. ಶನಿವಾರಕ್ಕೆ ಉಳಿದದ್ದು ಎರಡು ದಿನ.

"ಗಂಡನನ್ನೇ ಎತ್ತಿ ತರೋಣ ಸಾಹೇಬ್," ಎಂದ ಜಯಂತಿಭಾಯ್.

"ತಂದರೆ ನಾಲ್ಕು ದಿನಕ್ಕೆ ಜಾಮೀನು. ಅವನಿಗೆ ಓದಿ ಹೇಳುವವನು ಹಾಗೇ ಉಳಿಯುತ್ತಾನೆ. ಅವಳು ಮೂರನೇ ಊರಿಗೆ ಹೋದರೂ ಇವನಿಗೆ ಗೊತ್ತಾಗುತ್ತದೆ."

ಜಯಂತಿಭಾಯ್ ತಲೆಯಾಡಿಸಿದ. ಅವನ ಊರಿನಲ್ಲಿ ಗೋಧಿಗೆ ನೀಲಗಾಯಿಗಳ ಕಾಟ. ಬೇಲಿಯ ಕಿಂಡಿ ಸಿಗದೆ ಮೃಗವನ್ನು ಅಟ್ಟಿ ಉಪಯೋಗವಿಲ್ಲವೆಂದು ಅವನಿಗೆ ಗೊತ್ತಿತ್ತು.

ಅದೇ ಮಧ್ಯಾಹ್ನದ ರೈಲಿನಲ್ಲಿ ಶೇಷಾದ್ರಿ, ಮಹಿಳಾ ಕಾನ್‌ಸ್ಟೇಬಲ್ ಊರ್ಮಿಳಾಬೆನ್ ಜೊತೆ ಸೂರತ್‌ಗೆ ಹೋದರು. ಕತಾರ್‌ಗಾಂ ಬಡಾವಣೆಯ ಮೂರನೇ ಮಹಡಿ. ಕೋಣೆಯ ಹೊಸಿಲಿನ ಹೊರಗೆ ಒಂದು ಜೊತೆ ಹಳೆಯ ಹೆಂಗಸರ ಚಪ್ಪಲಿ, ಹೊರಡಲು ಸಿದ್ಧವಾಗಿರುವಂತೆ ಮುಖ ಮೆಟ್ಟಿಲಿನ ಕಡೆಗೆ.

ನೀಲಾ ಸೀರೆ ಅಂಗಡಿಯಲ್ಲಿ ಸೀರೆ ಮಡಿಸುವ ಕೆಲಸದಿಂದ ಆಗಷ್ಟೇ ಬಂದಿದ್ದಳು. ಎಡಗೈಯನ್ನು ಮೈಗೆ ಒತ್ತಿಕೊಂಡು ಮಾತಾಡಿದಳು.

"ಇವು ನಿಮ್ಮವೇ ಅಂತ ಹೇಗೆ ಹೇಳ್ತೀರಿ?"

"ಎಡಗಾಲಿನ ಉಂಗುಷ್ಟದ ಪಟ್ಟಿ ನಾನೇ ಹೊಲಿದದ್ದು, ನೀಲಿ ನೂಲಲ್ಲಿ. ಓಡಿ ಬಂದ ದಿನ ಬರಿಗಾಲಲ್ಲಿ ಬಂದಿದ್ದೆ. ಇವು ಅವನ ಮನೆಯಲ್ಲೇ ಉಳಿದವು."

"ಮುಟ್ಟಿದ್ದೀರಾ?"

"ಇಲ್ಲ. ಇಟ್ಟ ಹಾಗೇ ಉಂಟು. ದಿನಾ ದಾಟ್ಕೊಂಡೇ ಕೆಲಸಕ್ಕೆ ಹೋಗ್ತೇನೆ."

ಊರ್ಮಿಳಾಬೆನ್ ಒಮ್ಮೆ ಚಪ್ಪಲಿಯನ್ನೂ ಒಮ್ಮೆ ಅವಳನ್ನೂ ನೋಡಿದಳು. ಮನೆಯೊಡತಿ ಮತ್ತು ಪಕ್ಕದ ಮನೆಯವರನ್ನು ಪಂಚರನ್ನಾಗಿ ಇಟ್ಟುಕೊಂಡು ಪಂಚನಾಮೆ ಮಾಡಿ ಚಪ್ಪಲಿಗಳನ್ನು ವಶಕ್ಕೆ ತೆಗೆದುಕೊಂಡರು.

"ಅವನು ಏನು ಮಾಡಬಹುದು ಅಂತ ನಿಮ್ಮ ಭಯ?"

"ಒಮ್ಮೆ ಹೇಳಿದ್ದ, ನಿನ್ನ ಮುಖ ಇನ್ನೊಬ್ರು ನೋಡದ ಹಾಗೆ ಮಾಡ್ತೇನೆ ಅಂತ. ಆಗ ಮನೆಯೊಳಗೇ ಕೂಡಿ ಹಾಕ್ತಾನೆ ಅಂತ ತಿಳ್ಕೊಂಡಿದ್ದೆ."

"ಬೇರೆ ಊರಿಗೆ ಕಳಿಸ್ಲಾ?"

ನೀಲಾ ಕಿಟಕಿಯ ಕಡೆ ನೋಡಿದಳು. ಅಲ್ಲಿ ಎಣ್ಣೆ ಡಬ್ಬಿಯಲ್ಲಿ ನೆಟ್ಟ ಬಸಳೆ ಸರಳಿಗೆ ಎರಡು ಸುತ್ತು ಸುತ್ತಿ ಮೇಲೇರಿತ್ತು. "ನಡಿಯಾದಲ್ಲಿ ಒಂದು ಬಸಳೆ ಬಿಟ್ಟು ಬಂದೆ. ಇದು ಎರಡನೇದು. ಇನ್ನೊಂದು ಸಲ ನೆಡ್ಲಿಕ್ಕೆ ನನ್ನಿಂದಾಗುದಿಲ್ಲ ಸರ್. ಇನ್ನು ಓಡುದಿಲ್ಲ."

"ಮದುವೆ ಮಾಡಿಸಿದ್ದು ಯಾರು?"

"ಹೋಟೆಲ್ ಮಾಮ. ನಮಗೆ ಅಪ್ಪ ಇಲ್ಲ. ಅವ್ರೇ ನಿಂತು ಧಾರೆ ಎರೆದ್ರು."

ಕೋಣೆಯ ಕೆಳಗೆ ಸ್ಥಳೀಯ ಠಾಣೆಯ ಮಹಿಳಾ ಪೇದೆಯೊಬ್ಬರನ್ನು ನಿಲ್ಲಿಸಿ ಇಬ್ಬರೂ ಹಿಂದಿರುಗಿದರು.

ಗುರುವಾರ ಬೆಳಿಗ್ಗೆ ಜಯಂತಿಭಾಯ್ ಕೊಯಾಲಿಯಿಂದ ಬಂದ. ಎಮ್ಮೆ ಮಾರುವವನ ವೇಷ ಹಾಕಿ ಚಹದಂಗಡಿಯಲ್ಲಿ ಕೂತು ವಿಚಾರಿಸಿದ್ದ. ಸೋಮವಾರ ಪ್ರಮೋದ್ ಕೆಲಸಕ್ಕೆ ಬಂದಿರಲಿಲ್ಲ. ಶನಿವಾರಕ್ಕೂ ರಜೆ ಹೇಳಿದ್ದಾನೆ.

"ಜನ ಏನಂತಾರೆ?"

"ಒಳ್ಳೆಯವನು ಅಂತಾರೆ ಸಾಹೇಬ್. ಹೆಂಡತಿ ಬಿಟ್ಟು ಹೋದಳು ಅಂತ ಪಾಪ ಅಳ್ತಾನಂತೆ. ಎಲ್ಲರೂ ಅದನ್ನೇ ಹೇಳ್ತಾರೆ."

"ಎಮ್ಮೆ ವ್ಯಾಪಾರ ಕುದುರಿತೋ?"

"ಒಬ್ಬ ಮುಂಗಡ ಕೊಡೋಕೆ ಬಂದಿದ್ದ. ತಪ್ಪಿಸಿಕೊಂಡು ಬಂದೆ."

ಹತ್ತೂವರೆಗೆ ಚಿನ್ಮಯಿಯನ್ನು ಠಾಣೆಗೆ ಕರೆಸಿದರು. ಧಾರವಾಡದಿಂದ ಎಂಸಿಎ ಓದಲು ಬಂದವಳು. ಎರಡು ಹೊತ್ತಿನ ಊಟಕ್ಕೆ ಬದಲಾಗಿ ಮಾಮನ ಮಾಳಿಗೆಯ ನಾಲ್ಕು ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದಳು. ಊರು ಬಿಟ್ಟು ಬಂದ ಕನ್ನಡದ ಹುಡುಗರು ಮನೆಗೆ ಮೇಲ್ ಬರೆಯಲೆಂದು ಮಾಮ ಅವನ್ನು ಉಚಿತವಾಗಿ ಇಟ್ಟಿದ್ದರು. ಮೊದಲ ಅನುಮಾನ ಸಹಜವಾಗಿ ಅವಳ ಮೇಲೆಯೇ ಇತ್ತು. ಕುರ್ಚಿಯಲ್ಲಿ ಕೂತ ಕೂಡಲೇ ಅದು ಅವಳಿಗೂ ಗೊತ್ತಾಯಿತು.

"ಹೇಮಲತಾ ಯಾವ ಮಷಿನ್‌ನಲ್ಲಿ ಕೂರ್ತಾರೆ?"

"ನಾಲ್ಕನೇದ್ರಾಗ. ಮೊದ್ಲು ಎಲ್ಲಿ ಜಾಗ ಸಿಕ್ಕರ ಅಲ್ಲಿ ಕುಂದರ್ತಿದ್ರು. ನಾನೇ ಹೇಳ್ದೆ, ಅಕ್ಕಾ, ನಿಮ್ದು ಗುಟ್ಟಿನ ಮಾತು ಇರ್ತಾವ, ನಾಲ್ಕನೇದ್ರಾಗ ಕುಂದರ್ರಿ ಅಂತ."

"ಅದರಲ್ಲೇನು ವಿಶೇಷ?"

"ಅದ್ರಾಗ ಹೊಸಾ ಬ್ರೌಸರ್ ಹಾಕೇನ್ರಿ. ಫೈರ್‌ಫಾಕ್ಸ್. ಉಳಿದ ಮೂರ್ರಾಗ ಎಲ್ಲಾರೂ ಬಳಸೋ ನೀಲಿ 'ಇ' ಅದ. ಅದ್ರಾಗ ವೈರಸ್ ಕಾಟ ಭಾಳ. ಒಂದು ಕಿಟಕಿ ಮುಚ್ಚಿದ್ರ ನಾಲ್ಕು ತೆರೀತಿದ್ವು. ಯಾರರ ಕೀಲಿ ಒತ್ತಿದ್ದನ್ನ ಕದ್ದು ನೋಡೋ ಪ್ರೋಗ್ರಾಮೂ ಒಳಗ ಬಂದು ಕುಂದರ್ತಾವ. ಇದು ಅದಕ್ಕಿಂತ ಸುರಕ್ಷಿತ ಅಂತ ಕಾಲೇಜಿನ್ಯಾಗ ಮಾತಾಡ್ತಿದ್ರು. ಓದಿ, ನೋಡಿ, ಆರಿಸಿ ಹಾಕ್ದೆ."

"ಯಾವಾಗ?"

"ನವೆಂಬರ್ ಕೊನೀ ವಾರ."

ಶೇಷಾದ್ರಿ ಪೆನ್ನು ಕೆಳಗಿಟ್ಟರು. ನೀಲಾ ಮನೆ ಬಿಟ್ಟಾಗಿನಿಂದ ನವೆಂಬರ್‌ವರೆಗೆ ಅದೇ ಅಕ್ಕ, ಅದೇ ತಂಗಿ, ಅದೇ ಇ-ಮೇಲ್. ಯಾರೂ ಬರಲಿಲ್ಲ. ನವೆಂಬರ್ ಕೊನೆಗೆ ಹೇಮಲತಾ ಸುರಕ್ಷಿತ ಜಾಗಕ್ಕೆ ಬಂದು ಕೂತಳು. ಡಿಸೆಂಬರ್ ಮೊದಲ ವಾರ ಪ್ರಮೋದ್ ಗೇಟಿನಲ್ಲಿದ್ದ.

"ನಡಿ, ನೋಡೋಣ," ಎಂದರು.

ರಘುರಾಮ ಐತಾಳರ ಉಡುಪಿ ಹೋಟೆಲಿಗೆ ಇನ್ಸ್‌ಪೆಕ್ಟರ್ ಬರುವುದು ಹೊಸತಲ್ಲ. ವಾರಕ್ಕೆರಡು ಸಲ ಅವರಿಗೆ ಅಲ್ಲಿಯೇ ತಿಂಡಿ. ಠಾಣೆಯ ಬಂದೋಬಸ್ತಿನ ದಿನ ಐತಾಳರು ಕಾಫಿಯ ಫ್ಲಾಸ್ಕ್ ಕಳಿಸುತ್ತಿದ್ದರು. ಊರಿನ ಕನ್ನಡಿಗರೆಲ್ಲ ಅವರನ್ನು ಕರೆಯುವುದು ಮಾಮ ಎಂದೇ. ಬಾಣಂತನಕ್ಕೆ, ಬಾಡಿಗೆ ಮನೆಗೆ, ಗಂಡು ನೋಡುವುದಕ್ಕೆ, ಎಲ್ಲಕ್ಕೂ ಅವರೇ.

"ಬನ್ನಿ ಇನ್ಸ್‌ಪೆಕ್ಟ್ರೇ. ಎಂತ, ಸೊರಗಿದ್ದೀರಿ? ಬನ್ಸ್ ಬಿಸಿ ಉಂಟು."

"ಆಮೇಲೆ ಮಾಮ. ಅಕ್ಕನ ಮಗನ ರಿಸಲ್ಟ್ ನೋಡಬೇಕಿತ್ತು. ಈ ಹುಡುಗಿ ತೋರಿಸ್ತೀನಿ ಅಂದಳು."

"ನೋಡಿ ನೋಡಿ. ನಂಗೆ ಆ ಇಲಿ ಹಿಡಿಲಿಕ್ಕೂ ಬರುದಿಲ್ಲ. ಹುಡುಗ್ರಿಗೆ ಇರ್ಲಿ ಅಂತ ಇಟ್ಟದ್ದು."

ಮಾಳಿಗೆಯಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲ. ಗೋಡೆಯ ಮೇಲೆ ಐತಾಳರ ದಪ್ಪ ಅಕ್ಷರದ ಕಾಗದ: ‘ಕೈ ತೊಳೆದು ಮುಟ್ಟಿ. ಯಂತ್ರ ಕೇಳಿದ್ದಕ್ಕೆಲ್ಲ ಹೌದು ಒತ್ತಿ.’ ದಿನಾ ಬೆಳಿಗ್ಗೆ ದೇವರ ಪೂಜೆ ಮುಗಿಸಿ ಗ್ರೈಂಡರಿಗೆ, ಗಲ್ಲಾಪೆಟ್ಟಿಗೆಗೆ ಗಂಧ ಹಚ್ಚಿದ ಮೇಲೆ ಅವರು ಇಲ್ಲಿಗೂ ಬರುತ್ತಿದ್ದರು. ನಾಲ್ಕೂ ಪರದೆಗಳ ನೆತ್ತಿಯ ಮೇಲೆ ಒಂದೊಂದು ಬೊಟ್ಟು ಗಂಧ, ಒಂದೊಂದು ದಾಸವಾಳ.

ಚಿನ್ಮಯಿ ನಾಲ್ಕನೇ ಕಂಪ್ಯೂಟರಿನಲ್ಲಿ ನರಿಯ ಚಿತ್ರ ಒತ್ತಿ ಮೇಲ್‌ನ ಪುಟ ತೆರೆದಳು. ಅವಳ ಕೈ ಅಲ್ಲಿಯೇ ನಿಂತಿತು. ಹೆಸರಿನ ಜಾಗದಲ್ಲಿ ಹೇಮಲತಾಳ ಹೆಸರಿತ್ತು, ಪಾಸ್‌ವರ್ಡ್‌ನ ಜಾಗದಲ್ಲಿ ಚುಕ್ಕಿಗಳ ಸಾಲು. ಇನ್ನು ಒಂದು ಗುಂಡಿ ಒತ್ತಿದರೆ ಸಾಕಿತ್ತು.

"ಇದು ಹೇಗೆ?"

"ಪಾಸ್‌ವರ್ಡ್ ನೆನಪಿಡ್ಲೇನು ಅಂತ ಅದು ಕೇಳ್ತದ್ರಿ. ನೀಲಿದ್ರಾಗ ನಾ ಆ ಕೇಳೋದನ್ನ ಬಂದ್ ಮಾಡಿಟ್ಟಿದ್ದೆ. ಇದ್ರಾಗ ಮರ್ತೆ." ಅವಳ ದನಿ ಸಣ್ಣದಾಯಿತು. "ಅಕ್ಕ ಹೌದು ಒತ್ಯಾರ. ಪಾಸ್‌ವರ್ಡ್ ಬದ್ಲಿಸಿದಾಗ, ಹೊಸಾದನ್ನ ಇಟ್ಕೊಳ್ಲೇನು ಅಂತ ಮತ್ತ ಕೇಳಿರ್ತದ. ಆಗೂ ಹೌದು ಅಂದಾರ." ಅವಳು ಗೋಡೆಯ ಕಾಗದದ ಕಡೆ ನೋಡಿದಳು. "ಬಾಗಿಲಾ ಗಟ್ಟಿ ಇತ್ರಿ ಸರ್. ಕೀಲಿಕೈ ಬಾಗಿಲಕ್ಕೇ ತೂಗಿಹಾಕಿದ್ವಿ."

"ಇದನ್ನ ಬೇರೆ ಯಾರು ಬಳಸ್ತಾರೆ?"

"ಯಾರೂ ಇಲ್ರಿ. ಎಲ್ಲಾರಿಗೂ ನೀಲಿದೇ ರೂಢಿ. ರಾತ್ರಿ ಇದನ್ನ ಆರಿಸಂಗಿಲ್ಲ, ದೊಡ್ಡ ಫೈಲ್ ಇಳಿಸಾಕ ಹಚ್ಚಿ ಹೋಗ್ತೀನಿ."

"ಯಾವಾಗ ಯಾವ ಪುಟ ತೆರೆದಿದೆ ಅಂತ ಗೊತ್ತಾಗುತ್ತಾ?"

ಅವಳು ಒಳಗಿನ ಫೋಲ್ಡರೊಂದನ್ನು ತೆಗೆದಳು. ತೆರೆದ ಪುಟಗಳಿಂದ ಬ್ರೌಸರ್ ತನಗಾಗಿ ಉಳಿಸಿಕೊಂಡ ಚೂರುಗಳು, ಪ್ರತಿಯೊಂದರ ಎದುರು ವೇಳೆ. ಹೇಮಲತಾ ಬರುವುದು ಸಂಜೆ ಏಳರ ಮೇಲೆ. ಆ ಚೂರುಗಳ ಜೊತೆಗೆ ಬೇರೆ ಚೂರುಗಳೂ ಇದ್ದವು, ಎಲ್ಲವೂ ಬೆಳಗಿನ ಜಾವದವು, ಐದರ ಆಸುಪಾಸು.

"ಮಾಳಿಗೆಯ ಕೀಲಿ ಯಾರ ಹತ್ರ ಇರುತ್ತೆ?"

"ನನ್ನ ಹತ್ರ ಒಂದು. ನಮ್ಮ ಪಿ.ಜಿ. ಗೇಟು ಆರಕ್ಕ ತೆಗೀತಾರ್ರಿ, ಕೇಳಬಹುದು." ಇನ್ನೊಂದು ಯಾರ ಬಳಿ ಎಂದು ಅವಳು ಹೇಳಲಿಲ್ಲ.

ಶೇಷಾದ್ರಿ ಒಂದೊಂದೇ ಮೇಜಿನ ಮುಂದೆ ಬಗ್ಗಿ ನೋಡುತ್ತ ಹೋದರು. ಮೊದಲ ಮೂರು ಮೌಸ್‌ಗಳ ಮೇಲೆ ಬೆರಳಿನ ಜಿಡ್ಡು ಮಾತ್ರ. ನಾಲ್ಕನೆಯದರ ಎಡ ಗುಂಡಿಯ ಮೇಲೆ, ಅಂಚಿನ ಸೀಳಿನಲ್ಲಿ, ಒಣಗಿ ಬಿರುಕು ಬಿಟ್ಟ ಹಳದಿ ಗಂಧ ಕೂತಿತ್ತು. ಒಂದು ದಿನ ತಾಗಿದ್ದಲ್ಲ, ಪದರದ ಮೇಲೆ ಪದರ. ಅವರು ಉಗುರಿನಿಂದ ಮುಟ್ಟಿ, ಮೂಸಿ, ಕೆಳಗಿಳಿದು ಬಂದರು.

"ರಿಸಲ್ಟ್ ಹೇಗೆ?" ಐತಾಳರು ಗಲ್ಲಾದಿಂದ ಕೇಳಿದರು.

"ಇನ್ನೂ ಬಂದಿಲ್ಲ ಮಾಮ."

ಅವತ್ತು ಅವರು ಬನ್ಸ್ ತಿನ್ನಲಿಲ್ಲ.

ಸಂಜೆ ಏಳೂಕಾಲಿಗೆ ಹೇಮಲತಾ ಎಂದಿನಂತೆ ನಾಲ್ಕನೇ ಕಂಪ್ಯೂಟರಿನಲ್ಲಿ ಕೂತು, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಳು. ಶೇಷಾದ್ರಿ ಹೇಳಿಕೊಟ್ಟ ಮಾತುಗಳವು: ನೀಲಾ, ಸೂರತ್ ಬಿಡು. ವಡೋದರದ ಫತೇಗಂಜ್‌ನಲ್ಲಿ ಹೆಂಗಸರ ವಸತಿಗೃಹ ಒಂದಿದೆ, ಶನಿವಾರ ಬೆಳಿಗ್ಗೆ ಅಲ್ಲಿಗೆ ಬಾ, ಕಾಲ ಬುಡದಲ್ಲೇ ಇದ್ದರೆ ಅವನು ಹುಡುಕುವುದಿಲ್ಲ. ಇದಕ್ಕೆ ಹೆದರಬೇಡ ಎಂದು ನೀಲಾಳಿಗೆ ಮೊದಲೇ ಪೇದೆಯ ಮೂಲಕ ತಿಳಿಸಿಯಾಗಿತ್ತು.

ಶುಕ್ರವಾರ ಬೆಳಗಿನ ಜಾವ ಜಯಂತಿಭಾಯ್ ಹೋಟೆಲಿನ ಎದುರಿನ ಕಟ್ಟೆಯ ಮೇಲೆ ಶಾಲು ಹೊದ್ದು ಕೂತಿದ್ದ. ಆರೂವರೆಗೆ ಠಾಣೆಗೆ ಬಂದು ಹೇಳಿದ.

"ಅಡುಗೆಯವರು ನಾಲ್ಕಕ್ಕೆ ಬಂದರು. ಹೋಟೆಲಿನ ಅಜ್ಜ ಐದಕ್ಕೆ ಮೊದಲೇ ಆರತಿ ತಟ್ಟೆ ಹಿಡ್ಕೊಂಡು ಮೇಲೆ ಹೋದ. ಅರ್ಧ ಗಂಟೆಯಾದರೂ ಇಳಿಯಲಿಲ್ಲ. ಕಂಪ್ಯೂಟರಿಗೆ ಅಷ್ಟುದ್ದದ ಪೂಜೆ ನಾನು ನೋಡಿಲ್ಲ ಸಾಹೇಬ್. ಆಮೇಲೆ ಗಲ್ಲಾದ ಮೇಲೆ ಸ್ವಂತ ಫೋನಿದ್ದರೂ ರಸ್ತೆ ದಾಟಿ ಎಸ್‌ಟಿಡಿ ಬೂತಿಗೆ ಹೋದ."

ಬೂತಿನವನ ಚೀಟಿಯಲ್ಲಿ ವಡೋದರದ ನಂಬರ್ ಇತ್ತು. ಕೊಯಾಲಿಯ ಜನರೇಟರ್ ಶೆಡ್ಡಿನದು.

ಶೇಷಾದ್ರಿ ಅದನ್ನು ಫೈಲಿಗೆ ಸೇರಿಸಿದರು. ಹಿಂದಿನ ಬಂದೋಬಸ್ತಿನ ಫ್ಲಾಸ್ಕ್ ಕಿಟಕಿಯಲ್ಲಿ ಹಾಗೇ ಇತ್ತು. "ಇದನ್ನು ತೊಳೆದು ವಾಪಸ್ ಕಳಿಸು," ಎಂದರು.

ಜನವರಿ 22, ಶನಿವಾರ. ವಡೋದರದ ವಸತಿಗೃಹದ ವರಾಂಡದಲ್ಲಿ ಊರ್ಮಿಳಾಬೆನ್ ನೀಲಾಳ ಶಾಲು ಹೊದ್ದು ರಸ್ತೆಗೆ ಬೆನ್ನು ಮಾಡಿ ಕೂತಿದ್ದಳು. ಜಯಂತಿಭಾಯ್ ಗೇಟಿನ ಬಳಿ ಕಸ ಗುಡಿಸುತ್ತಿದ್ದ. ಶೇಷಾದ್ರಿ ಮತ್ತು ಸ್ಥಳೀಯ ಠಾಣೆಯ ಇಬ್ಬರು ಒಳಗಿನ ಕೋಣೆಯಲ್ಲಿದ್ದರು. ಒಂಬತ್ತಾಯಿತು, ಹತ್ತಾಯಿತು. ತರಕಾರಿ ಗಾಡಿಯೊಂದು ನಿಂತು ಹೋಯಿತು. ಊರ್ಮಿಳಾಬೆನ್ ಒಮ್ಮೆಯೂ ತಿರುಗಲಿಲ್ಲ. ಶಾಲಿನೊಳಗೆ ಅವಳ ಬೆನ್ನು ನೇರವಾಗಿ ಬಿಗಿದದ್ದು ಒಳಗಿದ್ದವರಿಗೆ ಕಾಣುತ್ತಿತ್ತು.

ಹತ್ತೂ ನಲವತ್ತಕ್ಕೆ ಆಟೋ ಬಂತು. ಮೊದಲು ಐತಾಳರು ಇಳಿದರು. ಜರಿಯಂಚಿನ ಪಂಚೆ, ಹೆಗಲಿಗೆ ಶಲ್ಯ, ಕೈಯಲ್ಲಿ ಬಾಳೆಹಣ್ಣು, ಮಲ್ಲಿಗೆ, ಪೊಟ್ಟಣದಲ್ಲಿ ಹೊಸ ಸೀರೆ. ಮಗಳನ್ನು ಕರೆಯಲು ಬರುವ ಹಿರಿಯರು ಹೀಗೆಯೇ ಬರುತ್ತಾರೆ. ಹಿಂದೆ ಪ್ರಮೋದ್ ಇಳಿದ. ಇಸ್ತ್ರಿ ಮಾಡಿದ ಅಂಗಿ, ಬಲಗೈಯಲ್ಲಿ ಬಟ್ಟೆಯ ಚೀಲ.

ಜಯಂತಿಭಾಯ್ ಗುಡಿಸುತ್ತಲೇ ಚೀಲ ನೋಡಿದ. ಭಾರದ ವಸ್ತುವನ್ನು ಜನ ಮೈಗೆ ಒರಗಿಸಿಕೊಂಡು ಹಿಡಿಯುತ್ತಾರೆ. ಇವನು ಮೈಯಿಂದ ದೂರ ಹಿಡಿದಿದ್ದ, ಹಾವು ಹಿಡಿದವನ ಹಾಗೆ.

"ನೀಲಾ," ಐತಾಳರು ಮೆಟ್ಟಿಲ ಬಳಿ ನಿಂತು ಕರೆದರು. "ಮಗಾ, ಮಾಮ ಬಂದಿದ್ದೇನೆ. ತಿರುಗು."

ಪ್ರಮೋದ್ ಅವರನ್ನು ದಾಟಿ ಎರಡು ಮೆಟ್ಟಿಲು ಹತ್ತಿದ. ಕೈ ಚೀಲದೊಳಗೆ ಹೋಯಿತು. ಜಯಂತಿಭಾಯ್ ಪೊರಕೆಯ ಹಿಡಿಯನ್ನು ಅವನ ಮೊಣಕೈಗೆ ಹಾಕಿ ಹಿಂದಕ್ಕೆ ಎಳೆದ. ಒಳಗಿದ್ದವರು ಬಂದು ಭುಜ ಹಿಡಿದರು. ಊರ್ಮಿಳಾಬೆನ್ ಎದ್ದು ನಿಂತು ಶಾಲು ತೆಗೆದಳು. ಪ್ರಮೋದ್ ಅವಳ ಮುಖ ನೋಡಿ ಕೊಸರಾಡುವುದನ್ನು ನಿಲ್ಲಿಸಿದ.

ಚೀಲದಲ್ಲಿ 'ಒದ್ದೆ ಗೋಣಿಯಲ್ಲಿ ಸುತ್ತಿದ ಗಾಜಿನ ಬಾಟ್ಲಿ, ಬಿರಡೆ ಸಡಿಲಿಸಿದ ಸ್ಥಿತಿಯಲ್ಲಿ' ಎಂದು ಪಂಚನಾಮೆಯಲ್ಲಿ ಬರೆದರು.

"ಅದೆಂತದು?" ಐತಾಳರು ಕೇಳಿದರು.

"ಬ್ಯಾಟರಿಗೆ ಮಾಮ. ಜನರೇಟರ್ ಬ್ಯಾಟರಿಗೆ."

ಪಂಚರ ಮುಂದೆ ಜಯಂತಿಭಾಯ್ ಒಂದು ಕಡ್ಡಿ ಅದ್ದಿ ಗೋಣಿಯ ಚೂರಿನ ಮೇಲೆ ಒಂದೇ ಹನಿ ಬೀಳಿಸಿದ. ಗೋಣಿ ಸಣ್ಣಗೆ ಸದ್ದು ಮಾಡಿ ಕಪ್ಪಾಗಿ ಕರಗಿತು. ಐತಾಳರು ಮೆಟ್ಟಿಲ ಮೇಲೆ ಕೂತರು. ಮಲ್ಲಿಗೆ ಅವರ ಕೈಯಲ್ಲೇ ಇತ್ತು.

ಇಬ್ಬರ ದಸ್ತಗಿರಿಯೂ ದಾಖಲಾಯಿತು. ಸಂಜೆ ನವರಂಗಪುರ ಠಾಣೆಯಲ್ಲಿ ಐತಾಳರ ವಿಚಾರಣೆ ನಡೆಯಿತು. ಜಯಂತಿಭಾಯ್ ಅವರಿಗೆ ಬೆಂಚಿನ ಬದಲು ಕುರ್ಚಿ ಕೊಟ್ಟ.

"ಶುರುವಾದದ್ದು ಹೇಗೆ?"

"ಗಂಧ ಹಚ್ಲಿಕ್ಕೆ ಹೋದಾಗ ಆ ಕಂಪ್ಯೂಟರ್ ಉರೀತಾ ಇತ್ತು. ಇಲಿಗೆ ಕೈ ತಾಗಿತು. ಹೇಮಲತಾ ಅಂತ ಹೆಸ್ರು ಬಂತು. ಅದು ಎಂತದೋ ಕೇಳಿತು, ಹೌದು ಅಂತ ಒತ್ತಿದೆ. ಕಾಗದ ಎಲ್ಲ ತೆರೀತು."

"ಓದಿದಿರಿ."

"ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಹುಡುಗಿ ಎಲ್ಲಿದ್ದಾಳೆ ಅಂತ ನಂಗೂ ಚಿಂತೆ ಇತ್ತು. ಧಾರೆ ಎರೆದವ ನಾನು."

"ಕೈ ಮುರಿದ ವಿಷಯವೂ ಅದರಲ್ಲೇ ಇತ್ತಲ್ಲ."

"ಇತ್ತು."

"ಓದಿಯೂ ವಿಳಾಸ ಹೇಳಿದಿರಿ. ಅದೂ ಬೂತಿನಿಂದ."

"ಹೇಮಲತಾಳಿಗೆ ಗೊತ್ತಾದ್ರೆ ಬೇಸರ ಮಾಡ್ತಾಳೆ ಅಂತ. ಇನ್ಸ್‌ಪೆಕ್ಟ್ರೇ, ಅವ ನನ್ನ ಎದುರು ಕೂತು ಅತ್ತಿದ್ದಾನೆ. ಸಂಸಾರದಲ್ಲಿ ಒಂದು ಸಲ ಹೀಗಾಗ್ತದೆ, ಕೂಡಿಸಿದ್ರೆ ಸರಿ ಹೋಗ್ತದೆ. ನನ್ನ ತಂಗಿ ಪ್ರೇಮಾ ಉಂಟಲ್ಲ, ಎಪ್ಪತ್ತೊಂದರಲ್ಲಿ ಹೀಗೇ ಮನೆಗೆ ಬಂದು ಕೂತಳು. ವಾಪಸ್ ಕಳಿಸ್ಲಿಕ್ಕೆ ಅಪ್ಪ ಒಪ್ಪಲಿಲ್ಲ. ನಾನೇ ಬಸ್ಸು ಹತ್ತಿಸಿ ಗಂಡನ ಮನೆಗೆ ಬಿಟ್ಟು ಬಂದೆ. ಈಗ ನೋಡಿ, ಮಕ್ಕಳು, ಮೊಮ್ಮಕ್ಕಳು. ವರ್ಷ ವರ್ಷ ನಂಗೆ ಮಿಡಿ ಉಪ್ಪಿನಕಾಯಿ ಕಳಿಸ್ತಾಳೆ. ಸರಿ ಹೋಯ್ತಲ್ಲ."

"ಸರಿ ಹೋಯ್ತು ಅಂತ ಅವರು ಹೇಳಿದ್ರಾ?"

"ಹೇಳುದೆಂತ ಅದರಲ್ಲಿ."

"ನೀವು ಕೇಳಿದ್ರಾ?"

ಐತಾಳರು ಮೇಜಿನ ಅಂಚನ್ನು ಬೆರಳಿನಿಂದ ಉಜ್ಜತೊಡಗಿದರು. ಉಗುರಿನ ಸಂದಿಯಲ್ಲಿ ಬೆಳಗಿನ ಗಂಧ ಇನ್ನೂ ಇತ್ತು. ಹೊರಗೆ ಊರ್ಮಿಳಾಬೆನ್ ಚಪ್ಪಲಿಗಳಿಗೆ ಮುದ್ದೆಮಾಲಿನ ಚೀಟಿ ಕಟ್ಟುತ್ತಿದ್ದಳು. ಕಟ್ಟಿ, ಕಪಾಟಿನಲ್ಲಿ ಮುಖ ಗೋಡೆಯ ಕಡೆಗೆ ತಿರುಗಿಸಿ ಇಟ್ಟಳು.

ದಸ್ತಗಿರಿಯಾದವರು ಮನೆಯವರಿಗೆ ಒಂದು ಫೋನ್ ಮಾಡಬಹುದು ಎಂದು ಜಯಂತಿಭಾಯ್ ನೆನಪಿಸಿದ. ಐತಾಳರು ಮನೆಯ ನಂಬರ್ ಹೇಳಲಿಲ್ಲ. ಕುಂದಾಪುರದ ಕೋಡ್ ಹೇಳಿದರು. ಆ ಕಡೆ ಎತ್ತಿದ್ದು ತಂಗಿಯೇ.

"ಪ್ರೇಮಾ, ನಾನು. ಎಂತ ಇಲ್ಲ. ಒಂದು ಮಾತು ಕೇಳುವಾ ಅಂತ." ರಿಸೀವರನ್ನು ಎರಡು ಕೈಯಲ್ಲಿ ಹಿಡಿದರು. "ಅವತ್ತು ನಿನ್ನನ್ನ ಬಸ್ಸಿಗೆ ಹತ್ತಿಸಿದೆನಲ್ಲ. ಅಲ್ಲಿ ಹೋದ ಮೇಲೆ ನಿಂಗೆ... ಎಲ್ಲ ಸರಿ ಇತ್ತಲ್ದಾ?"

ಶೇಷಾದ್ರಿ ಕಿಟಕಿಯ ಕಡೆ ತಿರುಗಿ ನಿಂತರು. ಆ ಕಡೆಯಿಂದ ಸಣ್ಣದಾಗಿ ಒಂದೆರಡು ಮಾತು ಬಂದವು. ಐತಾಳರು ಹೂಂಗುಟ್ಟಿ ಫೋನ್ ಇಟ್ಟರು.

"ಏನಂದರು?"

"ಊಟ ಆಯ್ತಾ ಅಣ್ಣ, ಅಂತ ಕೇಳಿದ್ಲು."

"ನೀವು ಕೇಳಿದ್ದಕ್ಕೆ?"

ಐತಾಳರು ಮತ್ತೆ ಮೇಜಿನ ಅಂಚನ್ನು ಉಜ್ಜಿದರು. ಶೇಷಾದ್ರಿ ಹೇಳಿಕೆಯ ಹಾಳೆಯಲ್ಲಿ ಆ ಉತ್ತರದ ಜಾಗ ಖಾಲಿ ಬಿಟ್ಟು, ಕೆಳಗೆ ದಿನಾಂಕ ಬರೆದರು.